ಆಂಟೆನಾಗೆ ಮೈ ಕೊಟ್ಟ ಕಂಬಣ್ಣ

ಹೊತ್ತು ಮೂಡುವ ಮುಂಚೆ, ಸಂಶೋಧನಾ ಕಟ್ಟಡದ ಉದ್ದನೆಯ ಓಣಿಯಲ್ಲಿ, ತಲೆಯಿಲ್ಲದ ಒಬ್ಬನನ್ನು ತಬ್ಬಿಕೊಂಡು ಇನ್ನೊಬ್ಬರು ನಡೆದು ಬರುತ್ತಾರೆ. ಕಸ ಗುಡಿಸಲು ಹೊಸದಾಗಿ ಬಂದಾಕೆ ಇದನ್ನು ಕಂಡು ಪೊರಕೆ ಎಸೆದು ಓಡಿದವಳು ಗೇಟು ದಾಟಿ, ಪೇಟೆ ದಾಟಿ, ತವರುಮನೆಯ ಬಾಗಿಲಲ್ಲೇ ನಿಂತು ಸುಧಾರಿಸಿಕೊಂಡಳಂತೆ. ಹೆದರುವಂಥದ್ದೇನೂ ಇಲ್ಲ. ತಬ್ಬಿಕೊಂಡವರು ಕಂಬಣ್ಣ. ತಬ್ಬಿಸಿಕೊಂಡದ್ದು ಅವರದೇ ಅಳತೆಯ ಬೊಂಬೆ. ಕುತ್ತಿಗೆಯಿಂದ ಸೊಂಟದವರೆಗೆ ಪ್ಲಾಸ್ಟಿಕ್ ಚಿಪ್ಪು, ಒಳಗೆಲ್ಲ ಟೊಳ್ಳು. ಕಂಬಣ್ಣ ಅದನ್ನು ‘ತಮ್ಮ’ ಅನ್ನುತ್ತಾರೆ. ಹಾಗಾಗಿ ಅವರ ಹೆಂಡತಿಗೆ ಅದು ಮೈದುನ.

“ಬಾ ತಮ್ಮಾ, ಮೊದ್ಲು ನಿನ್ನ ಹೊಟ್ಟೆ ತುಂಬ್ಸೋಣ” ಎಂದು ಬೊಂಬೆಯನ್ನು ಮೇಜಿನ ಮೇಲೆ ಮಲಗಿಸಿ, ಬಕೆಟ್ಟಿನಲ್ಲಿ ನೀರು, ಉಪ್ಪು, ಸಕ್ಕರೆ, ಮಂದ ಮಾಡುವ ಪುಡಿ ಹಾಕಿ ಕಲಸುತ್ತಾರೆ. ರೇಡಿಯೋ ಅಲೆಗಳು ಮನುಷ್ಯನ ಮೈ ಎಂದು ನಂಬಬೇಕಾದರೆ ಒಳಗೆ ಈ ಲೋಳೆ ಇರಬೇಕು. ಬೇಗ ಹಳಸುವುದರಿಂದ ಪರೀಕ್ಷೆ ಇದ್ದಾಗಲೆಲ್ಲ ಹೊಸದು ತುಂಬಬೇಕು. ಕಂಬಣ್ಣನ ಮೂತ್ರಪಿಂಡಗಳು ಸೋತಿವೆ. ಉಪ್ಪು ಮುಟ್ಟಬೇಡಿ, ನೀರು ಅಳೆದು ಕುಡಿಯಿರಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ.

“ನಂಗೆ ಬೇಡ ಅಂದಿದ್ದೆಲ್ಲ ಇವನಿಗೆ ಬಕೆಟ್‌ಗಟ್ಲೆ” ಎಂದು ಅವರು ನಗುತ್ತಾರೆ. “ಒಂದೇ ಅಚ್ಚಲ್ಲಿ ಹುಟ್ಟಿದೋರು ನಾವು. ಹಣೆಬರಹ ಬೇರೆ, ಅಷ್ಟೆ.”

ಮೊದಲು ಅವರು ಇದೇ ಕಟ್ಟಡದ ಬಾಗಿಲು ಕಾಯುತ್ತಿದ್ದರು. ನಿಂತರೆ ಕಂಬ. ಹೆಗಲ ಮೇಲೆ ಗೂಡು ಕಟ್ಟಲು ಗುಬ್ಬಿಯೊಂದು ಕಡ್ಡಿ ತಂದಿಟ್ಟಿತ್ತು, ಇವರು ಸೀನಿದ್ದರಿಂದ ಸಂಸಾರ ಮುರಿಯಿತು ಎಂದು ಇಂದಿಗೂ ಇಲ್ಲಿ ಕಥೆ ಹೇಳುತ್ತಾರೆ. ಆಂಟೆನಾ ವಿಭಾಗದ ದೊಡ್ಡ ಸರ್‌ಗೆ ಅಂಥ ಮನುಷ್ಯನೇ ಬೇಕಾಗಿತ್ತು. ಅವರು ಮಾಡುತ್ತಿದ್ದದ್ದು ಆಸ್ಪತ್ರೆಯ ರೋಗಿಗಳ ಅಂಗಿಗೆ ಹೊಲಿಯುವ ಆಂಟೆನಾ. ರೋಗಿಯ ನಾಡಿ, ಜ್ವರ, ಉಸಿರಿನ ಸುದ್ದಿಯನ್ನು ಅದು ತಂತಿಯಿಲ್ಲದೆ ನರ್ಸಮ್ಮನ ಮೇಜಿಗೆ ಮುಟ್ಟಿಸಬೇಕು. ಆದರೆ ಮನುಷ್ಯನ ಮೈಯೆಂದರೆ ನೀರಿನ ಗಡಿಗೆ. ಅದಕ್ಕೆ ತಾಗಿದ ಕೂಡಲೇ ಆಂಟೆನಾದ ಶ್ರುತಿ ಇಳಿಯುತ್ತದೆ. ಮೈಯಿಂದ ಮೈಗೆ ಇಳಿತ ಬೇರೆ. ಅದಕ್ಕೇ ಇದರ ಬಾಯಿ ಅಗಲ ಮಾಡಿದ್ದಾರೆ, ಹಲವು ಶ್ರುತಿಗಳು ಹಿಡಿಸುವ ಹಾಗೆ. ಅದೂ ಸಾಲದಾದರೆ ಒಳಗಿನ ಪುಟ್ಟ ಸ್ವಿಚ್ಚುಗಳು ತಾವೇ ಬದಲಾಗಿ ಹೊಸ ಶ್ರುತಿ ಹುಡುಕುತ್ತವೆ. ಎಲ್ಲರೂ ಅದನ್ನು ‘ಊಸರವಳ್ಳಿ’ ಎಂದೇ ಕರೆಯುತ್ತಾರೆ.

ಊಸರವಳ್ಳಿ ಬೆಳೆದದ್ದು ಕಂಬಣ್ಣನ ಎದೆಯ ಮೇಲೆ. ಪರೀಕ್ಷೆಯ ಕೋಣೆಯ ಗೋಡೆ, ನೆಲ, ಸೂರಿಗೆಲ್ಲ ಕಪ್ಪು ಸ್ಪಂಜಿನ ಮುಳ್ಳುಗಳಿವೆ, ಮುಳ್ಳುಹಂದಿಯನ್ನು ಅಂಗಿಯ ಹಾಗೆ ತಿರುವಿ ಹಾಕಿದಂತೆ. ಅಲ್ಲಿ ಅಲೆ ತಿರುಗಿ ಬರುವುದಿಲ್ಲ. ಮಾತೂ ಅಷ್ಟೆ, ಬಾಯಿಂದ ಬಿದ್ದಲ್ಲೇ ಸಾಯುತ್ತದೆ. ನಡುವೆ ನಿಧಾನಕ್ಕೆ ತಿರುಗುವ ಒಂದು ಪೀಠ. ಅದರ ಮೇಲೆ ವರ್ಷಗಟ್ಟಲೆ ಇವರು ನಿಂತರು. ಒಮ್ಮೆ ಕುತ್ತಿಗೆಯಿಂದ ಸೊಂಟದವರೆಗೆ ಅಚ್ಚು ತೆಗೆದು ಬೊಂಬೆ ಮಾಡಿ ಕಪಾಟಿನಲ್ಲಿಟ್ಟರು. ಆಪತ್ತಿಗಿರಲಿ ಎಂದು.

ಆಪತ್ತು ಬಂತು. ಆಂಟೆನಾದ ಶ್ರುತಿ ತೋರಿಸುವ ಪರದೆಯ ಮೇಲಿನ ಗೆರೆ ದಿನದಿಂದ ದಿನಕ್ಕೆ ಜಾರತೊಡಗಿತು. ಬೆಸುಗೆ ಬಿಚ್ಚಿದರು, ಕೇಬಲ್ ಬದಲಿಸಿದರು, ಸ್ಪಂಜಿನ ಮುಳ್ಳುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಪೀಠದ ಮೇಲೆ ನಿಂತವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಕೇಳಿದ್ದು ಹೆಂಡತಿ. “ಚಪ್ಪಲಿ ಯಾಕ್ರೀ ಕಾಲಿಗೆ ಹತ್ತಲ್ಲ? ಪಾದ ನೋಡಿ, ಉಬ್ಬಿದ ಹಿಟ್ಟಿನ ಹಾಗಿದೆ!” ಎಂದು ಅವರೇ ಎಳೆದುಕೊಂಡು ಆಸ್ಪತ್ರೆಗೆ ಹೋದರು. ಮೈಯೆಲ್ಲ ನೀರು ತುಂಬಿದೆ ಎಂದು ಗೊತ್ತಾಯಿತು. ಮರುದಿನ ಕಂಬಣ್ಣ ವಿಷಯ ತಿಳಿಸಿದಾಗ ವಿಭಾಗದಲ್ಲಿ ಹಬ್ಬವೋ ಹಬ್ಬ. “ತಪ್ಪು ಆಂಟೆನಾದಲ್ಲ!” ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿದರು, ಚಹಾ ತರಿಸಿದರು. “ನಂಗೂ ಒಂದು ಲೋಟ ಕೊಟ್ರು. ನಾನು ಕುಡಿಯೋ ಹಾಗಿರ್ಲಿಲ್ಲ” ಎನ್ನುತ್ತಾರೆ ಕಂಬಣ್ಣ. ಅಂದೇ ಬೊಂಬೆ ಕಪಾಟಿನಿಂದಿಳಿದು ಪೀಠವೇರಿತು. ಅದನ್ನು ಹೊರುವ, ತೊಳೆಯುವ, ತುಂಬುವ ಕೆಲಸ ಇವರದಾಯಿತು. ಮಿಕ್ಕ ಹೊತ್ತು ಮತ್ತೆ ಬಾಗಿಲು.

“ಮೈದುನಂದು ಊಟ ಆಯ್ತೇನ್ರೀ?” ಎಂದು ಹೆಂಡತಿ ದಿನವೂ ಕುಟುಕುತ್ತಾರೆ. “ಅವನು ಪುಣ್ಯವಂತ. ಬಾವು ಬರಲ್ಲ, ಹೆಂಡತಿ ಇಲ್ಲ.”

“ಅದಕ್ಕೇ ಕಣೇ ಬಾವು ಬರಲ್ಲ” ಎನ್ನುತ್ತಾರೆ ಇವರು.

ಕಳೆದ ವಾರ ವರದಿಗೆಂದು ದೊಡ್ಡ ಪರೀಕ್ಷೆಯೊಂದು ನಡೆದಿದೆ. ಬೊಂಬೆ ಸಾಲದು, ಜೀವಂತ ಮೈಗಳ ಮೇಲೂ ನೋಡಿ ಎಂದು ಮೇಲಿನವರು ಕೇಳಿದ್ದರು. ದಪ್ಪನೆಯವರು, ಕಡ್ಡಿಯಂಥವರು, ಹೀಗೆ ವಿದ್ಯಾರ್ಥಿಗಳೆಲ್ಲ ಸರದಿಯಲ್ಲಿ ನಿಂತರು. ಊಸರವಳ್ಳಿ ಎಲ್ಲರಿಗೂ ಹೊಂದಿಕೊಂಡಿತು. ಆಗ ಬಾಗಿಲಿನಿಂದ ಕಂಬಣ್ಣ ಕೇಳಿದರು: “ಸರ್, ಕಾಯಿಲೆಯವರಿಗೇ ತಾನೆ ಇದು? ಇಲ್ಲಿ ಕಾಯಿಲೆಯವನು ನಾನೊಬ್ಬನೇ. ಒಂದ್ಸಲ ಪೀಠ ಹತ್ಲಾ?”

ದೊಡ್ಡ ಸರ್ ನಕ್ಕು, ಬನ್ನಿ ಎಂದು ಕೈಬೀಸಿದರು. ಆಂಟೆನಾ ಹೊಲಿಯುವ ಸಂಶೋಧಕಿ ಅಂಗಿ ತೊಡಿಸಿದಳು. ಗುಂಡಿ ಕೂಡಲಿಲ್ಲ, ದಾರದಿಂದ ಕಟ್ಟಿದಳು. ಕಂಬಣ್ಣ ಹಳೆಯ ಹಾಗೆಯೇ ಕಂಬವಾಗಿ ನಿಂತರು. ಪರದೆಯ ಮೇಲಿನ ಗೆರೆ ಅತ್ತ ಹಾರಿತು, ಇತ್ತ ಹಾರಿತು. ಊಸರವಳ್ಳಿ ತನ್ನ ಬಣ್ಣಗಳನ್ನೆಲ್ಲ ಒಂದೊಂದಾಗಿ ಬದಲಿಸಿ ಮುಗಿಸಿತು. ಒಂದೂ ಕೂಡಲಿಲ್ಲ. ಯಾರ ಎದೆಯ ಮೇಲೆ ಬೆಳೆಯಿತೋ ಅವರ ಗುರುತೇ ಅದಕ್ಕೆ ಹತ್ತಲಿಲ್ಲ.

“ಇನ್ನೊಂದ್ಸಲ ನೋಡ್ಲಾ ಸರ್?” ಎಂದಳು ಸಂಶೋಧಕಿ.

“ಬೇಡಮ್ಮ. ಇವರದು ಸಾಮಾನ್ಯ ಮೈ ಅಲ್ಲ. ಆ ಗೆರೆ ಬಿಟ್ಬಿಡು.”

ಬಿಟ್ಟಳು. ‘ಈ ಆಂಟೆನಾ ಎಲ್ಲ ಮೈಗಳಿಗೂ ಹೊಂದಿಕೊಳ್ಳುತ್ತದೆ’ ಎಂದು ವರದಿಯಲ್ಲಿ ಬರೆದಿದೆ. ಸೋಮವಾರ ಅದು ಮೇಲಕ್ಕೆ ಹೋಗಲಿದೆ. ಸಂಶೋಧಕಿ ಈಗ ಹಿಂದಿನ ಬಾಗಿಲಿನಿಂದ ಓಡಾಡುತ್ತಾಳೆ. ಕಂಬಣ್ಣನಿಗೆ ಅವಳ ಮೇಲೆ ಸಿಟ್ಟಿಲ್ಲ. “ಪಾಪ, ಅವಳೂ ಎಲ್ಲಾದ್ರೂ ಒಂದ್ಕಡೆ ಕಾಲೂರಿ ನಿಲ್ಬೇಕಲ್ಲ.”

ಲೋಳೆ ತುಂಬಿದ ತಮ್ಮನನ್ನು ಪೀಠದ ಮೇಲೆ ಕೂರಿಸಿ, ಅಂಗಿ ತೊಡಿಸಿ, ಗುಂಡಿ ಹಾಕುತ್ತಾರೆ. ಅದಕ್ಕೆ ಗುಂಡಿಗಳು ಸಲೀಸಾಗಿ ಕೂಡುತ್ತವೆ. ತಮಗೇನು ಬೇಕು ಎಂದು ಕೇಳಿದರೆ ತಮ್ಮನ ಅಂಗಿಯ ಸುಕ್ಕು ಸವರುತ್ತ ಹೇಳುತ್ತಾರೆ:

“ನಾಳೆ ನನ್ನಂಥೋನು ಆಸ್ಪತ್ರೇಲಿ ಮಲಗಿರ್ತಾನೆ. ಎಲ್ಲರಿಗೂ ಹೊಂದುತ್ತೆ ಅಂತ ನಂಬಿ ಇದನ್ನೇ ತೊಡಿಸ್ತಾರೆ. ಸುದ್ದಿ ಬರ್ಲಿಲ್ಲ ಅಂದ್ರೆ ನರ್ಸಮ್ಮ ಏನಂದ್ಕೋತಾರೆ? ಹಾಯಾಗಿ ಮಲಗಿದಾನೆ ಅಂತ. ಅದಕ್ಕೇ, ವರದೀಲಿ ‘ಒಬ್ಬನನ್ನು ಬಿಟ್ಟು’ ಅಂತ ಸೇರಿಸಿದ್ರೆ ಸಾಕು. ನನ್ನ ಹೆಸರೇನೂ ಬೇಡ. ಯಾರವನು ಅಂತ ಯಾರಾದ್ರೂ ಕೇಳ್ಕೊಂಡು ಬಂದ್ರೆ, ಬಾಗಿಲಲ್ಲೇ ನಿಂತಿರ್ತೀನಿ.”