ಬಿಡ್ತು ಅನ್ನದ ಮನೆ

ಕೆಟ್ಟ ಮಾತು ಯಾರ ಬಾಯಿಂದಲಾದರೂ ಜಾರಿದರೆ 'ಬಿಡ್ತು ಅನ್ನು' ಅನ್ನುವುದು ನಮ್ಮ ಮನೆಯಲ್ಲಿ ಉಸಿರಾಡಿದಷ್ಟು ಸಲೀಸು. ಹಾಗಂದರೆ ಆ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ, ಯಾರ ತಲೆಗೂ ಸುತ್ತಿಕೊಳ್ಳುವುದಿಲ್ಲ ಅಂತ ನಂಬಿಕೆ. ನನ್ನ ಮಗಳು ಇದನ್ನು ತನ್ನ ಅಜ್ಜಿಯಿಂದ, ಅಂದರೆ ನಮ್ಮತ್ತೆಯಿಂದ, ಕಲಿತಳು. ತೊದಲು ಬಾಯಲ್ಲಿ 'ಬಿತ್ತು' ಅಂದಾಗ ಎಲ್ಲರೂ ನಕ್ಕಿದ್ದೆವು.

ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ನಗು ಹೋಯಿತು. ಅಮ್ಮ ಸಾಯ್ತಾಳೆ ಅನ್ನುವ ಯೋಚನೆ ಅವಳ ತಲೆ ಹೊಕ್ಕಿತು. ಅದು ಬಂದಾಗಲೆಲ್ಲ ನಾನು ಬಿಡ್ತು ಅನ್ನಬೇಕು. ಬೆಳಗ್ಗೆ ಯಶವಂತಪುರದ ಆಫೀಸಿಗೆ ಹೊರಟವಳು ಗೇಟಿನ ಹತ್ತಿರ ಹೆಲ್ಮೆಟ್ ತೆಗೆದು, ದೇವರ ಮನೆ ಕಡೆ ಮುಖ ಮಾಡಿ, ಅವಳಿಗೆ ಕೇಳುವಂತೆ ಅನ್ನಬೇಕು. ನಡುವೆ ಹಾರ್ನ್ ಸದ್ದಾದರೆ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ತಣಿಸಂದ್ರದ ನಮ್ಮ ರಸ್ತೆಯಲ್ಲಿ ನೀರಿಗೆ ಬರ, ಹಾರ್ನ್ ಹೊಡೆಯುವ ನೀರಿನ ಟ್ಯಾಂಕರಿಗಲ್ಲ. ಕೊನೆಗೆ ಸ್ಕೂಲನ್ನೇ ಬಿಟ್ಟಳು. ಅಲ್ಲಿ ಯೋಚನೆ ಬಂದರೆ ಬಿಡ್ತು ಅನ್ನುವವರು ಯಾರು? ನಾನು ವಾಪಸ್ಸು ಬರುವವರೆಗೆ ಕಿಟಕಿ ಹತ್ತಿರ ಕೂತಿರುತ್ತಿದ್ದಳು, ನೀರೂ ಕುಡಿಯುತ್ತಿರಲಿಲ್ಲ. ಮೈ ಇಳಿದು ಕಡ್ಡಿಯಾದಳು.

ಅತ್ತೆ ದೃಷ್ಟಿ ತೆಗೆದರು, ಮಾಕಳಿ ಕಡೆ ಯಾರ ಹತ್ತಿರವೋ ತಾಯತ ಮಾಡಿಸಿ ತಂದು ಅವಳಿಗೆ ಕಟ್ಟಿದರು. ನಾನು ಆರ್.ಟಿ. ನಗರದಲ್ಲಿದ್ದ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಗೀಳು ಕಾಯಿಲೆ ಅಂದರು ಆಕೆ.

"ನೀವು ಬಿಡ್ತು ಅಂದಾಗೆಲ್ಲ ಅದಕ್ಕೆ ಗೊಬ್ಬರ ಹಾಕಿದ ಹಾಗಾಗ್ತಿದೆ. ಅವಳಿಗೆ ಭಯ ಆಗೋ ಮಾತನ್ನ ಅವಳೇ ಬಾಯಿಬಿಟ್ಟು ಹೇಳ್ಬೇಕು. ಭಯ ಏರ್ಲಿ. ಯಾರೂ ಸಮಾಧಾನ ಮಾಡ್ಬಾರ್ದು. ಕೂತಿದ್ರೆ ತಾನಾಗೇ ಇಳಿಯುತ್ತೆ."

"ನಾನೇನ್ ಅನ್ಲಿ ಮೇಡಂ?"

"ಇರಬಹುದು, ಗೊತ್ತಿಲ್ಲ ಅನ್ನಿ. ಅಷ್ಟೇ."

ಈ ಹೆಂಗಸಿಗೆ ಮಕ್ಕಳಿರಲಿಕ್ಕಿಲ್ಲ ಅಂದುಕೊಂಡೆ. ಇದ್ದರು, ಮೇಜಿನ ಮೇಲೆ ಫೋಟೋ ಇತ್ತು.

ಅಮ್ಮನಿಗೆ ಜ್ವರ ಬರಬಹುದು ಅಂತ ಶುರುವಾಯಿತು. ಆಮೇಲೆ, ಅಮ್ಮನ ಕೈ ಮುರಿಯಬಹುದು. ಆಮೇಲೆ, ಅಮ್ಮ ಸಾಯಬಹುದು. ದಿನಾ ಸಂಜೆ ನಡುಮನೆಯಲ್ಲಿ ಕೂತು ಇದನ್ನು ಹೇಳಿಸುವುದೇ ನಮ್ಮ ಹೋಂವರ್ಕ್. ಅತ್ತೆ ಕೆಂಡವಾದರು.

"ದೀಪ ಅಚ್ಚೋ ಒತ್ತಲ್ಲಿ ಎತ್ತ ಮಗಳ ಬಾಯಲ್ಲಿ ಇಂಗೆ ಆಡುಸ್ತೀಯಲ್ಲ, ದೇವ್ತೆಗಳು ಅಸ್ತು ಅಂದ್ಬುಟ್ರೆ ಏನ್ ಮಾಡ್ತೀಯ?"

"ಅನ್ಲಿ ಬಿಡಿ ಅತ್ತೆ," ಅಂದೆ. ಅಂದಮೇಲೆ ನಾನೇ ದೀಪದ ಕಡೆ ತಿರುಗಿ ನೋಡಿದೆ.

ಆದರೆ ಮಗಳು ಬೇಗ ಸುಧಾರಿಸಿದಳು. ಮಾತು ಹೇಳುತ್ತಿದ್ದಳು, ಸ್ವಲ್ಪ ನಡುಗುತ್ತಿದ್ದಳು, ಎದ್ದು ಆಟಕ್ಕೆ ಹೋಗುತ್ತಿದ್ದಳು. ನಾನು ಆಗಲೇ ಯೂನಿಫಾರ್ಮ್ ಒಗೆದು ಇಸ್ತ್ರಿ ಮಾಡಿಸಿದ್ದೆ. ಡಾಕ್ಟರಿಗೆ ಮಾತ್ರ ಖುಷಿಯಾಗಲಿಲ್ಲ. "ಹೇಳುವಾಗ ಅವಳು ಯಾವ ಕಡೆ ನೋಡ್ತಾಳೆ, ಗಮನಿಸಿ," ಅಂದರು.

ಆ ಸಂಜೆ ಗಮನಿಸಿದೆ. ಅವಳು ನೋಡುತ್ತಿದ್ದದ್ದು ಅಡುಗೆಮನೆ ಬಾಗಿಲನ್ನು. ಅಲ್ಲಿ ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತ, ಸದ್ದಿಲ್ಲದೆ, ತುಟಿಯಲ್ಲೇ ಬಿಡ್ತು ಅನ್ನುತ್ತಿದ್ದರು. ಇಷ್ಟು ದಿನವೂ ಅಂದಿದ್ದರು.

ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮೊಮ್ಮಗಳನ್ನ ನೀವೇ ಕೊಲ್ತಾ ಇದೀರ," ಅಂತ ಕಿರುಚಿದೆ. ಆ ಮಾತಿಗೆ ಯಾರೂ ಬಿಡ್ತು ಅನ್ನಲಿಲ್ಲ.

ಅತ್ತೆ ಜರಡಿ ಕೆಳಗಿಟ್ಟರು. "ಮಗು ಅಂಗ್ ನೋಡ್ತಿದ್ರೆ ಎಂಗವ್ವ ಬಾಯ್ ಮುಚ್ಕೊಂಡಿರ್ಲಿ? ಅಲ್ದೆ, ಅದು ಸಾಯ್ತಾಳೆ ಅಂತಿದ್ದಿದ್ದು ನಿನ್ನ ಕಣವ್ವ."

ನಾನು ಜರಡಿ ಎತ್ತಿಕೊಂಡು ಉಳಿದ ಹಿಟ್ಟು ಜರಡಿ ಹಿಡಿದೆ.

ಮತ್ತೆ ಮೊದಲಿನಿಂದ ಶುರು. ಈ ಸಲ ಅಜ್ಜಿ ಎದುರಿಗೇ ಕೂರಲಿ, ಸುಮ್ಮನೆ ಕೂರಲಿ ಅಂದರು ಡಾಕ್ಟರ್. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಕೂತರು. ಮಗಳು "ಅಮ್ಮ ಸಾಯಬಹುದು" ಅಂದು ಅಜ್ಜಿಯ ಮುಖ ನೋಡಿದಳು, ಕಾದಳು. ಆಮೇಲೆ ಅವಳು ಅತ್ತ ರೀತಿಯನ್ನು ಬರೆಯಲು ನನಗೆ ಮನಸ್ಸಿಲ್ಲ. ಅಜ್ಜಿಯ ಮೊಣಕಾಲು ಹಿಡಿದು "ಒಂದೇ ಒಂದ್ಸಲ ಅನ್ನಜ್ಜಿ" ಅಂತ ಗೋಗರೆದಳು. ಅತ್ತೆ ಗೋಡೆ ಕಡೆ ತಿರುಗಿ ಕೂತರು, ಬೆನ್ನು ಅದುರುತ್ತಿತ್ತು. ಮಗಳು ನನ್ನ ಕೈ ಪರಚಿದಳು. ಮುದ್ದೆ ಆರಿ ಗಟ್ಟಿಯಾಯಿತು. ಕೊನೆಗೆ ಸುಸ್ತಾಗಿ ನನ್ನ ತೊಡೆ ಮೇಲೆ ತಲೆಯಿಟ್ಟು, "ಸ್ವಲ್ಪ ಕಮ್ಮಿ ಆಯ್ತು," ಅಂದಳು, ಯಾರ ಮೇಲೋ ದೂರು ಹೇಳುವವಳ ಹಾಗೆ. ಇಂಥ ಸಂಜೆಗಳು ಎಷ್ಟೋ ಕಳೆದವು. ನನ್ನ ಮಗಳನ್ನು ಅಳಿಸಿ ಅಳಿಸಿ ಗುಣ ಮಾಡುವ ಈ ವಿದ್ಯೆಯನ್ನು ನಾನು ದ್ವೇಷಿಸಿದೆ, ಬಿಡಲೂ ಇಲ್ಲ.

ಕೊನೆಯ ಮೆಟ್ಟಿಲು ಗೇಟಿನಲ್ಲಿತ್ತು. ಮನೆಯಿಂದ ಹೊರಡುವಾಗ ನಾವು 'ಬರ್ತೀನಿ' ಅನ್ನುತ್ತೇವೆಯೇ ಹೊರತು 'ಹೋಗ್ತೀನಿ' ಅನ್ನುವುದಿಲ್ಲ. ಹೋಗುವವರು ಹೆಣದ ಜೊತೆ ಹೋಗುತ್ತಾರೆ ಅನ್ನುತ್ತಿದ್ದರು ಅತ್ತೆ. ಹೋಗ್ತೀನಿ ಅಂತಲೇ ಹೇಳಿ ಹೊರಡಿ ಅಂದರು ಡಾಕ್ಟರ್.

ಮಗಳು ಯೂನಿಫಾರ್ಮ್ ಹಾಕಿ ನಿಂತಿದ್ದಳು, ಹಿಂದೆ ಅತ್ತೆ ಅವಳ ಬ್ಯಾಗು ಹಿಡಿದುಕೊಂಡು. "ಹೋಗ್ತೀನಿ," ಅಂದೆ. ಮಗಳ ಮುಖ ಬಿಳಿಚಿಕೊಂಡಿತು. ಲಂಗದ ಅಂಚು ಹಿಂಡುತ್ತ, ನೆಲ ನೋಡುತ್ತ, "ಹೋಗು," ಅಂದಳು. ಅಜ್ಜಿಯ ಕಡೆ ನೋಡಲಿಲ್ಲ.

ತಿರುಗಿ ನೋಡದೆ ಗಾಡಿ ಸ್ಟಾರ್ಟ್ ಮಾಡಿದೆ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಹೆಲ್ಮೆಟ್ ಒಳಗೆ ಬಿಡ್ತು ಅಂದೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಟ್ಯಾಂಕರ್ ಹಾರ್ನ್ ಹೊಡೆಯಿತು. ಮತ್ತೆ ಮೊದಲಿನಿಂದ ಬಿಡ್ತು ಅಂದೆ.