ಪರೀಕ್ಷೆಗೆ ಹೋದ ಬಿಪಿ ಮಿಷಿನ್

ಎಂಬತ್ತರ ದಶಕದ ಕೊನೆಗೆ ನಮ್ಮ ಭಾವನವರು ಗಲ್ಫಿನಿಂದ ಬರುವಾಗ ಒಂದು ಬಿಪಿ ಮಿಷಿನ್ ತಂದುಕೊಟ್ಟರು. ಪಾದರಸವಿಲ್ಲ, ಸ್ಟೆತಸ್ಕೋಪ್ ಬೇಡ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರೆ ಅಂಕಿ ತಾನೇ ಮೂಡುತ್ತಿತ್ತು. ನನ್ನ ಯಜಮಾನರು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಮಾಲಿನ ಅಳತೆ ನೋಡಿ ಪಾಸು ಮಾಡುವವರು. ಮನೆಗೇ ಅಳೆಯುವ ಸಾಮಾನು ಬಂದ ಮೇಲೆ ಕೇಳಬೇಕೆ? ದೇವರ ಗೂಡಿನ ಗಣಪತಿಗೂ ಇಲ್ಲದ ಮರ್ಯಾದೆ ಅದಕ್ಕೆ ಸಿಕ್ಕಿತು. ಟೀವಿಯ ಮೇಲೆ ಕಸೂತಿ ಬಟ್ಟೆ ಹಾಸಿ ಇಟ್ಟರು.

ಭಾನುವಾರ ಉಪ್ಪಿಟ್ಟು, ಕಾಫಿ ಆದ ಕೂಡಲೇ ಬಿಲ್ಡಿಂಗಿನವರೆಲ್ಲ ಅಂಗಿಯ ತೋಳು ಮಡಚಿಕೊಂಡು ಬರುತ್ತಿದ್ದರು. ಅವರ ತೋಳಿನಲ್ಲಿ ಅಚ್ಚುಕಟ್ಟಾಗಿ ಪೀಂ ಪೀಂ ಎನ್ನುವ ಯಂತ್ರ ನನ್ನ ತೋಳಿಗೆ ಬಂದರೆ ತಡವರಿಸುತ್ತಿತ್ತು. ಒಮ್ಮೆ ನೂರ ಹತ್ತು, ಒಡನೆಯೇ ನೂರ ಅರವತ್ತು, ಆಮೇಲೆ ಬರೀ ಎರರ್.

"ಕೈ ಅಲ್ಲಾಡಿಸ್ಬೇಡ ಕಣೇ."

"ಅಲ್ಲಾಡಿಸ್ತಿಲ್ಲ ರೀ. ಎದೇಲಿ ಏನೋ ಎಡವಿದ ಹಾಗಾಗತ್ತೆ. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರತ್ತೆ."

ಎಷ್ಟು ಸಲ ಹೇಳಿದೆನೋ. ನನ್ನ ಮಾತಿಗೆ ಅಂಕಿ ಇರಲಿಲ್ಲವಲ್ಲ, ಅವರ ಕಿವಿಗೆ ಹೋಗಲಿಲ್ಲ. ಮತ್ತೆ ಮತ್ತೆ ಗಾಳಿ ಹೊಡೆದು, ಚೆಂದದ ಅಂಕಿಯೊಂದು ಬಂದೊಡನೆ "ಓಕೆ, ಪಾಸ್" ಎಂದು ಪಟ್ಟಿ ಬಿಚ್ಚುವರು. ಕಾರ್ಖಾನೆಯಲ್ಲೂ ಹೀಗೇ ಪಾಸು ಮಾಡುತ್ತಿದ್ದರೆ ಆ ಮಾಲು ಕೊಂಡವರನ್ನು ದೇವರೇ ಕಾಪಾಡಬೇಕು.

ಒಂದು ಭಾನುವಾರ ಏನು ಮಾಡಿದರೂ ನನ್ನ ತೋಳಿನಲ್ಲಿ ಚೆಂದದ ಅಂಕಿ ಬರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು ನೋಡುತ್ತ ಕೂತಿದ್ದಳು, ಇವರಿಗೆ ಅವಮಾನವಾಯಿತು. ಬ್ಯಾಟರಿ ಬದಲಿಸಿದರೂ ಅಷ್ಟೇ. ಮರುದಿನ ಸಂಜೆ ಟವೆಲಿನಲ್ಲಿ ಸುತ್ತಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು, ಮಾಟುಂಗದಲ್ಲಿದ್ದ ನಮ್ಮ ಮಂಗಳೂರಿನ ಡಾಕ್ಟರ ಹತ್ತಿರ ಪರೀಕ್ಷೆಗೆ ಒಯ್ದರು. ನನ್ನನ್ನಲ್ಲ, ಯಂತ್ರವನ್ನು. ನಾನು ಮನೆಯಲ್ಲಿ ನಡುನಡುವೆ ಗೋಡೆ ಹಿಡಿದುಕೊಂಡು ಚಪಾತಿ ಲಟ್ಟಿಸುತ್ತಿದ್ದೆ.

ಅಂಕಿ ನನ್ನ ತೋಳಿಗೆ ಮಾತ್ರ ಕೆಡುತ್ತದೆಂದು ಇವರು ಹೇಳಿದ ಮೇಲೆ ಡಾಕ್ಟರು ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿ ನೋಡಿದರಂತೆ. "ಮಿಷಿನ್‌ಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಹೆಂಡತಿಯನ್ನು ಮನೇಲಿ ಬಿಟ್ಟು ಇದನ್ನು ಯಾಕೆ ತಂದದ್ದು?" ಎಂದರಂತೆ. ಇವರು ಇದನ್ನು ನನಗೆ ಹೇಳಿದ್ದು ತಟ್ಟೆಯಿಂದ ತಲೆ ಎತ್ತದೆ.

ಮರುದಿನ ನನ್ನನ್ನೂ ಒಯ್ದರು. ಡಾಕ್ಟರು ಬಹಳ ಹೊತ್ತು ನನ್ನ ಮಣಿಕಟ್ಟು ಹಿಡಿದು ಕೂತರು, ಇಸಿಜಿ ತೆಗೆಸಿದರು. ಎದೆಬಡಿತದ ಲಯ ತಪ್ಪಿದೆ, ಇಂಥ ಬಡಿತಕ್ಕೆ ಆ ಯಂತ್ರವನ್ನು ನೆಚ್ಚಬಾರದು. ಮೊದಲು ನಾಡಿ ಹಿಡಿದು ನೋಡಿ, ಆಮೇಲೆ ಸ್ಟೆತಸ್ಕೋಪಿಟ್ಟು ಎರಡು ಮೂರು ಸಲ ಅಳೆದು ಸರಾಸರಿ ತೆಗೆಯಬೇಕು ಎಂದರು. ಇನ್ನೂ ತಡಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಇವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಇಬ್ಬರು ಗಂಡಸರೂ ನಂಬಿದ್ದರು.

ಮನೆಗೆ ಬಂದವರು ಟೀವಿಯ ಕಡೆ ನೋಡಲಿಲ್ಲ. ಷರ್ಟು ಕೂಡ ಬದಲಿಸದೆ ನನ್ನೆದುರು ಕೂತು, ವಾಚು ನೋಡುತ್ತ ನನ್ನ ಮಣಿಕಟ್ಟು ಹಿಡಿದರು.

"ಅಲ್ಲಾಡಿಸ್ಬೇಡ ಕಣೇ" ಎಂದರು.

ನನ್ನ ಕೈ ನೆಟ್ಟಗೇ ಇತ್ತು. ನಡುಗುತ್ತಿದ್ದುದು ಅವರದು.