ಬೋರಲು ಹಾಕಿದ ಎರಡನೆಯ ಲೋಟ

ಭಾನು, ನಿಮ್ಮಮ್ಮನ ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದ ಎರಡು ಲೋಟಗಳಲ್ಲಿ ಒಂದು ನನ್ನದು.

ಆಗಲೇ ಹೇಳಿದ್ದರೆ ಏನೇನಾಗಬಹುದಿತ್ತು ಎಂದು ಯೋಚಿಸಿಯೇ ಇದ್ದೆ — ಪೊಲೀಸರು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಬಹುದಿತ್ತು, ಟೀವಿಯವರು ನನ್ನ ಮುಖದ ಸುತ್ತ ಕೆಂಪು ವೃತ್ತ ಎಳೆಯಬಹುದಿತ್ತು, ಮಟಮಟ ಮಧ್ಯಾಹ್ನ ಒಂಟಿ ಹೆಂಗಸಿನ ಮನೆಯಲ್ಲಿ ನಿಮಗೇನು ಕಾಫಿ ಎಂದು ಹೆಂಡತಿ ಕೇಳಬಹುದಿತ್ತು, ಬಿ.ಪಿ. ಏರಬಹುದಿತ್ತು. ಲಿಫ್ಟ್ ಹತ್ತಿದರೆ ಅದರ ಹಗ್ಗ ಎಷ್ಟು ಹಳೆಯದೋ ಎಂದು ಚಿಂತಿಸುವ ಮನುಷ್ಯ ನಾನು.

ಅವತ್ತು ನಿಮ್ಮ ಮನೆಗೆ ಬಂದದ್ದೂ ಭಯಕ್ಕೇ. ಯಲಹಂಕದ ಸುತ್ತಮುತ್ತ ಒಂಟಿಯಾಗಿದ್ದ ಇಬ್ಬರು ಹೆಂಗಸರ ಕೊಲೆಯಾಗಿತ್ತು. ಬಾಗಿಲಿಗೆ ಒಳಗಿನಿಂದ ಚೈನ್ ಹಾಕಿಸಿ ಎಂದು ಹೇಳಲು ಪಕ್ಕದ ಬೀದಿಯಿಂದ ನಡೆದು ಬಂದಿದ್ದೆ. ನಿಮ್ಮಮ್ಮ, ನಮ್ಮ ಪದ್ಮಕ್ಕ, ನಕ್ಕು ಕಾಫಿ ಕೊಟ್ಟರು. "ನಿನ್ ಮುಖ ನೋಡಿದ್ರೆ ಕಳ್ಳನೇ ಅಯ್ಯೋ ಪಾಪ ಅಂತ ಬೀಗ ಹಾಕ್ಕೊಟ್ಟು ಹೋಗ್ತಾನೆ ಕಣೋ." ಕುಡಿದ ಲೋಟ ತೊಳೆದಿಡುವುದು ನಮ್ಮಮ್ಮ ಕಲಿಸಿದ ಅಭ್ಯಾಸ. ಅವರದನ್ನೂ ಸೇರಿಸಿ ತೊಳೆದೆ, ಬೋರಲು ಹಾಕಿದೆ, ಹೊರಟೆ. ಸಂಜೆಯ ಹೊತ್ತಿಗೆ ಅವರಿರಲಿಲ್ಲ.

ಪೊಲೀಸರು ನಮ್ಮ ಬೀದಿಯಲ್ಲೂ ವಿಚಾರಿಸಿದರು. ನನಗೇನೂ ಗೊತ್ತಿಲ್ಲ ಎಂದೆ.

ತಿಂಗಳೊಳಗೆ ಮಾಕಳಿಯ ಕಡೆ ಒಬ್ಬ ಸಿಕ್ಕಿಬಿದ್ದ. ಮೂರೂ ಕೊಲೆಗಳನ್ನು ತಾನೊಬ್ಬನೇ ಮಾಡಿದ್ದೆಂದು ಒಪ್ಪಿಕೊಂಡ, ಶಿಕ್ಷೆಯೂ ಆಯಿತು. ಆದರೆ ಮಹಜರಿನಲ್ಲಿ ಎರಡು ಲೋಟ ಎಂದು ಬರೆದಿತ್ತಲ್ಲ — ಅಲ್ಲಿಂದ ಹುಟ್ಟಿಕೊಂಡ 'ಎರಡನೆಯವನು'. ಯೂಟ್ಯೂಬಿನಲ್ಲಿ ಅವನಿಗೆ ಆರಡಿ ಎತ್ತರ ಬಂತು, ಎಡಚನಾದ, ಅವನನ್ನು ಕಾಪಾಡಿದ ರಾಜಕಾರಣಿಯೊಬ್ಬ ಬಂದ. ಕೊಲೆಗಾರ ಎಲ್ಲಾದರೂ ಲೋಟ ತೊಳೆಯುತ್ತಾನೆಯೇ, ಇವನು ಗೊತ್ತಿದ್ದವನೇ ಎಂದರು. ಎಲ್ಲವನ್ನೂ ನೋಡಿದೆ. ಒಂದೆರಡು ಕಡೆ ಅವರ ವಾದ ನನಗೇ ಸರಿ ಎನ್ನಿಸಿತು.

ನಿಜವಾದವನು ಸಿಕ್ಕಿದ್ದಾನಲ್ಲ, ನನ್ನ ಲೋಟದಿಂದ ಯಾರಿಗೇನು ಎಂದುಕೊಂಡೆ. ಆಮೇಲೆ ನೀನು ಬಂದು ಕೇಳಿದೆ: "ಅಂಕಲ್, ಅಮ್ಮ ಅವತ್ತು ಯಾರಿಗೆ ಕಾಫಿ ಕೊಟ್ಟಿರ್ಬಹುದು?"

ಬಾಯಿಯವರೆಗೆ ಬಂದಿತ್ತು —

"ಮನೆಯೋರಿಗೇ ಇರ್ಬೇಕು ಕಣಮ್ಮ," ಅಂದೆ.

ಮನೆಯವರೆಂದು ನಿನಗೆ ಉಳಿದಿದ್ದವರು ಬಾಗಲೂರಿನ ಸೋದರಮಾವ ಒಬ್ಬರೇ. ತವರಿನ ಜಮೀನನ್ನು ಲೇಔಟಿಗೆ ಕೊಡಲು ನಿಮ್ಮಮ್ಮ ಸಹಿ ಹಾಕಿರಲಿಲ್ಲ ಎಂಬುದು ನಿನಗೆ ನೆನಪಾಯಿತು. ಎರಡನೆಯವನು ಅವರೇ ಎಂದು ನೀನು ನಂಬಿಬಿಟ್ಟೆ. ಅವರು ಗೇಟಿನ ಹೊರಗೆ ನಿಂತು, "ಅಂಗ್ಯಾಕವ್ವ ಮಾಡ್ಲಿ ನಾನು? ನಮ್ಮಕ್ಕ ಕಣವ್ವ ಅವ್ಳು" ಎಂದಾಗ ಗೇಟಿನ ಒಳಗೆ, ನಿನ್ನ ಪಕ್ಕದಲ್ಲೇ ನಾನಿದ್ದೆ. ಆಗಲಾದರೂ —

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಬಾಗಲೂರಿಗೆ ಹೋಗಿ ಅವರಿಗೆ ಹೇಳಿರುತ್ತೇನೆ, ಅಲ್ಲಿಂದ ಸ್ಟೇಷನ್ನಿಗೆ. ಕ್ಷಮಿಸು ಎಂದು ಬರೆದು, ಹೊಡೆದು ಹಾಕಿದ್ದೇನೆ.

ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ, ಭಾನು. ನಡೆದದ್ದು ಇಷ್ಟು: ಹೋದ ವರ್ಷ ನಿನ್ನ ಮದುವೆಯಲ್ಲಿ ಸೋದರಮಾವ ಇರಲಿಲ್ಲ. ಮಾವನ ಜಾಗಕ್ಕೆ ನೀವೇ ಬನ್ನಿ ಅಂಕಲ್ ಎಂದೆ. ಬಂದೆ. ನಿನ್ನ ಕೈ ಹಿಡಿದು ಮಂಟಪಕ್ಕೆ ಕರೆದೊಯ್ದೆ — ಮೆಟ್ಟಿಲಿದೆ, ಎಡವಬೇಡ ಎಂದು ಎರಡೆರಡು ಸಲ ಎಚ್ಚರಿಸುತ್ತ.